ಹೆಮೆದಿಯ ಗಂಡು ನೊಣಗಳು

ಟಾಂಗಾ ಊರಿನ ನಮ್ಮ ನೊಣದ ಕೇಂದ್ರದಲ್ಲಿ ಹೆಮೆದಿ ಶೆಕಿಯೊಂಡೊನ ಕೆಲಸವೆಂದರೆ ಗಂಡು ನೊಣಗಳ ವಂಶ ನಿಲ್ಲಿಸುವುದು. ದನಗಳ ರಕ್ತ ಹೀರಿ ರೋಗ ಹಚ್ಚುವ ತ್ಸೆತ್ಸೆ ನೊಣಗಳು ಅವು. ಡಬ್ಬಿಗೆ ತುಂಬಿ, ಸೀಸದ ದಪ್ಪ ಪೆಟ್ಟಿಗೆಯೊಳಗೆ ಇಳಿಸಿ, ಕೋಬಾಲ್ಟ್‌ನ ಕಿರಣ ತಾಗಿಸಿ ಕೊಟ್ಟರೆ ಮುಂದೆ ಅವನ್ನು ಕಾಡಿಗೆ ಬಿಡುತ್ತಾರೆ. ಹೆಣ್ಣು ನೊಣ ಸಾಮಾನ್ಯವಾಗಿ ಬದುಕಿನಲ್ಲಿ ಒಮ್ಮೆ ಮಾತ್ರ ಕೂಡುವುದು. ಹೆಮೆದಿಯ ಗಂಡು ಸಿಕ್ಕಿತೋ, ಅದರ ಸಂಸಾರ ಅಲ್ಲಿಗೆ ಮುಗಿಯಿತು. ಪಕ್ಕದ ಕೋಣೆಯಲ್ಲಿ ನೊಣಗಳಿಗೆ ರಕ್ತ ಬಡಿಸುವವಳು ನಾನು. ಇಷ್ಟು ಸಾಧು ಮನುಷ್ಯ ಇಂಥ ಕೆಲಸ ಮಾಡುವುದು ನೋಡಿ ನನಗೆ ದಿನವೂ ನಗು.

ಅವನ ಮದುವೆಯ ಮಾತುಕತೆಯ ದಿನ ಸೋದರತ್ತೆಯ ಮಗ ಜುಂಬೆ ಬಾಯಿಬಿಟ್ಟ. ನಮ್ಮಲ್ಲಿ ಸೋದರತ್ತೆಯ ಮಗ ಏನು ಗೇಲಿ ಮಾಡಿದರೂ ಸಿಟ್ಟಾಗುವಂತಿಲ್ಲ. ಈ ಗೇಲಿಯ ಸಲುಗೆಗೆ ಉತಾನಿ ಅನ್ನುತ್ತೇವೆ. ಆದರೆ ಎರವಲು ಕೋಟು ತೊಟ್ಟು ಬಂದಿದ್ದ ಅವನನ್ನು ಹುಡುಗಿಯ ಅಜ್ಜಿ ಕೇಂದ್ರದ ದೊಡ್ಡ ಸಾಹೇಬ ಎಂದುಕೊಂಡಿದ್ದಳು.

"ಇವ್ನು ದಿನವೆಲ್ಲ ಆ ಪೆಟ್ಟಿಗೆ ಪಕ್ಕ ನಿಂತಿರ್ತಾನೆ," ಎಂದ ಜುಂಬೆ. "ನೊಣಕ್ಕೆ ಆಗಿದ್ದು ಇವ್ನಿಗೆ ಆಗಿಲ್ಲ ಅಂತ ಯಾರು ಹೇಳ್ಬೇಕು?"

ಅಜ್ಜಿ ಚಹಾ ಕೆಳಗಿಟ್ಟಳು. "ಪೆಟ್ಟಿಗೆ ನೋಡ್ದೆ ಮಾತು ಮುಂದಕ್ಕಿಲ್ಲ."

ಮರುದಿನ ಅಜ್ಜಿ ಮೊಮ್ಮಗಳಾದ ರಿಜಿಕಿಯನ್ನು ಎಳೆದುಕೊಂಡು ಕೇಂದ್ರಕ್ಕೆ ಬಂದೇಬಿಟ್ಟಳು. ಹೆಮೆದಿ ಬೆವರುತ್ತ ಪಾಠ ಒಪ್ಪಿಸಿದ.

"ಸೀಸ ದಾಟಿ ಈಚೆ ಬರೋ ಕಿರಣ ಇಲ್ಲ ಅನ್ನೋಷ್ಟು ಕಮ್ಮಿ ಅಜ್ಜಿ. ಎದೆ ಮೇಲಿನ ಈ ಬಿಲ್ಲೆ ಅದನ್ನ ಅಳೀತಿರುತ್ತೆ."

"ಹೊರಗೆ ಬಂದ ನೊಣದ ಮೈಯಲ್ಲಿ ಕಿರಣ ಕೂತಿರಲ್ವಾ?"

"ಬಿಸಿಲಲ್ಲಿ ಒಣಗಿಸಿದ ಬಟ್ಟೆ ರಾತ್ರಿ ಬೆಳಕು ಕೊಡುತ್ತಾ?"

ಅಜ್ಜಿ ಡಬ್ಬಿಯೊಳಗೆ ಇಣುಕಿದಳು. "ತಾವು ಕೆಲಸಕ್ಕೆ ಬಾರ್ದವ್ರು ಅಂತ ಇವಕ್ಕೆ ಗೊತ್ತಾ?"

"ಇಲ್ಲ ಅಜ್ಜಿ. ಮೊದಲಿನ ಹಾಗೇ ಹೆಣ್ಣಿನ ಹಿಂದೆ ಹೋಗ್ತವೆ."

"ಥೇಟ್ ನಮ್ಮ ಮನೆಯವ್ರು."

ನಾನು ರಕ್ತದ ತಟ್ಟೆ ಬೀಳಿಸುವುದರಲ್ಲಿದ್ದೆ. ಆದರೆ ಅಜ್ಜಿಯ ಮುಖ ಸಡಿಲಲಿಲ್ಲ.

"ಆ ಹೆಣ್ಣಿಗೂ ಒಂದೇ ಸಲ, ನನ್ನ ಮೊಮ್ಮಗಳಿಗೂ ಒಂದೇ ಸಲ ಕಣಪ್ಪಾ. ಮಕ್ಕಳಾಗ್ದೆ ಹೋದ್ರೆ ನಾನು ಯಾರನ್ನ ಕೇಳ್ಲಿ?"

ಹೆಮೆದಿ ಮತ್ತೆ ಸೀಸದ ಕತೆ ಎತ್ತಿದ. ರಿಜಿಕಿ ತಡೆದಳು.

"ಸಾಕು ಮಾರಾಯ. ಅಜ್ಜಿ, ಮಕ್ಕಳಾದ್ರೆ ಆಗ್ಲಿ, ಬಿಟ್ರೆ ಬಿಡ್ಲಿ. ನಂಗೆ ಇವ್ನು ಬೇಕು. ನಾನೇನು ನೊಣ ಅಲ್ಲ."

ಹೆಮೆದಿ ಎದೆ ಮೇಲಿನ ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡ.

"ಇದನ್ನ ಬಸ್ಸು ಹತ್ತೋ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?" ಎಂದು ಅಜ್ಜಿ ಗದರಿದಳು.

"ನೀನು ಪೆಟ್ಟಿಗೇನ ವಿಚಾರಿಸೋಕೆ ಹೊರಟೆ. ನನ್ನನ್ನ ಯಾರು ಕೇಳಿದ್ರು?"