ಕೂಗದೆ ಉಳಿದ ಹೆಸರು

ಮೊನ್ನೆ ಸುಣ್ಣ ಬಳಿಯಲೆಂದು ಸಂದೂಕ ಸರಿಸಿದಾಗ ಅದರ ಹಿಂದೆ ನನ್ನ ಹಳೆಯ ಖಾಕಿ ಚೀಲ ಸಿಕ್ಕಿತು. ಎಸೆಯುವ ಮೊದಲು ಜಾಡಿಸಿದೆ. ಹೊಲಿಗೆಯ ಸಂದಿಯಿಂದ ಚಿಟಿಕೆ ಮರಳು ಉದುರಿತು. ನಮ್ಮ ಬಸವಕಲ್ಯಾಣದ ಕೆಂಪು ಮಣ್ಣಲ್ಲ, ಕಡಲ ದಂಡೆಯ ಬಿಳಿ ಮರಳು. ಕಸಬರಿಗೆ ಹಿಡಿದ ಹೆಂಡತಿ “ಜರಾ ಸರೀರಿ” ಎಂದಳು. ನಾನು ಸರಿಯಲಿಲ್ಲ. ನೆರೆಮನೆಯ ಕಾಕು ಎದುರಿಗೇ ಬಂದು ನಿಂತಂತಾಗಿತ್ತು…

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಕಾಕುವಿನ ಗಂಡ ಮುಂಬಯಿಗೆ ಹೋಗಿ ಹಡಗಿನಲ್ಲಿ ಖಲಾಸಿಯಾಗಿದ್ದರು. ಕೊಲಂಬೊ ಬಂದರಿನಿಂದ ಒಂದು ಕಾಗದ ಬಂತು. ಆಮೇಲೆ ಏನೂ ಇಲ್ಲ. ಇಪ್ಪತ್ತು ವರ್ಷ ಕಳೆದರೂ ಕಾಕುವಿನ ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಓಣಿಯ ಹೆಂಗಸರು ಎದುರಿಗೆ ಉಡಿ ತುಂಬುತ್ತಿದ್ದರು, ಹಿಂದೆ ಆಡಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ, ಕಾಲೇಜು ಮುಗಿದ ಮೇಲೆ, ನಾನೂ ಇಬ್ಬರು ಗೆಳೆಯರೂ ಹೆಗಲಿಗೊಂದು ಚೀಲ ಹಾಕಿಕೊಂಡು ಶ್ರೀಲಂಕಾ ತಿರುಗಲು ಹೊರಟೆವು. ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ ಎಂದು ಅಪ್ಪ ಬೈದ. ಕಾಕು ಬೈಯಲಿಲ್ಲ. ಹುಮನಾಬಾದ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದು, ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದಳು. ದುಬಲಗುಂಡಿಯ ಮುದುಕಿಯೊಬ್ಬಳು ಅವಳಿಗೆ ಏನೋ ಹೇಳಿದ್ದಳಂತೆ.

“ಕಡೀ ಕಾಗದ ಬಂದ ದಂಡಿಗಿ ನಿಂತು ಮೂರು ಸಲ ಹೆಸರ ಹಿಡದು ಕೂಗಬೇಕಂತ ತಮ್ಮಾ. ಜೀವ ಇದ್ರ ಅಮಾಸಿ ಒಳಗ ಕನಸಿನ್ಯಾಗ ಬರ್ತಾರಂತ. ಬರಲಿಲ್ಲಂದ್ರ… ಕುಂಕುಮ ಒರಸ್ಕೋತೀನಿ. ಹ್ಯಾಂಗರ ಒಂದು ಆಗ್ಲಿ.”

“ಅವರ ಹೆಸರೇನ್ರಿ ಕಾಕು?”

ಓಣಿಯ ಹುಡುಗರಿಗೆಲ್ಲ ಅವರು ಬರೇ ‘ಹಡಗದಾಂವ’. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ನೇರ ಹೇಳುವುದಿಲ್ಲ, ಒಡಪು ಕಟ್ಟಿ ಅದರ ಕೊನೆಗೆ ಸೇರಿಸಿ ಹೇಳುತ್ತಾರೆ. ನಲವತ್ತು ದಾಟಿದ ಕಾಕು ಬಾಯಿಗೆ ಸೆರಗು ಅಡ್ಡ ಹಿಡಿದು ಹೊಸ ಸೊಸೆಯ ಹಾಗೆ ನಾಚಿದಳು.

“ಹುಮನಾಬಾದ ಸಂತ್ಯಾಗ ಹಸರ ಬಳಿ ಇಡಿಸ್ಯಾರ, ಕೈ ಹಿಡದು ಕಲ್ಯಾಣದ ಹೊಸ್ತಿಲ ದಾಟಿಸ್ಯಾರ…” ಎಂದು, ಕೊನೆಗೆ ಆ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿದಳು.

ಕೊಲಂಬೊದಲ್ಲಿ ಒಂದು ದಿನದ ಕಡಲ ಪ್ರವಾಸದ ವ್ಯಾನು ಹತ್ತಿದೆವು. ನಮ್ಮಂತೆಯೇ ಚೀಲ ಹೊತ್ತ ಬಿಳಿಯ ಹುಡುಗ ಹುಡುಗಿಯರೇ ಅದರ ತುಂಬ. ಮುಂಜಾನೆಯಿಂದ ದಂಡೆಗುಂಟ ಹೋಗಿದ್ದೇ ಹೋಗಿದ್ದು. ಕೋಟೆ, ದೀಪಸ್ತಂಭ, ಆಮೆಗಳ ಮರಿ ಸಾಕುವ ಜಾಗ… ಎಲ್ಲಿ ಇಳಿದರೂ ಗೈಡು ಹತ್ತೇ ನಿಮಿಷ ಎನ್ನುತ್ತಿದ್ದ. ಖರೆ ಹೇಳುತ್ತೇನೆ, ಸಂಜೆಯ ತನಕ ನನಗೆ ಕಾಕು ನೆನಪೇ ಆಗಲಿಲ್ಲ. ವ್ಯಾನು ಕೊನೆಗೆ ತಿರುಗಿ ಕೊಲಂಬೊ ಬಂದರಿನ ಬಳಿ ನಿಂತಾಗ ಅವಳ ಮಾತು ನೆನಪಾಯಿತು. ಗೋಡೆಯ ಹತ್ತಿರ ಹೋಗಿ ನಿಂತು ಬಾಯಿ ತೆರೆದೆ. ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ತಿರುಗಿ ನೋಡಿದರು. ತೆರೆದ ಬಾಯಿಯನ್ನು ಆಕಳಿಕೆ ಮಾಡಿಬಿಟ್ಟೆ. ಆಮೇಲೆ ವ್ಯಾನಿನ ಹಾರ್ನು ಕೇಳಿಸಿತು.

ಊರಿಗೆ ಬಂದಾಗ ಕಾಕು ಹೊಸ್ತಿಲಲ್ಲೇ ನಿಂತಿದ್ದಳು.

“ಕೂಗಿದಿ ತಮ್ಮಾ?”

“ಕೂಗಿದೆನ್ರಿ ಕಾಕು.”

“ಮೂರು ಸಲ?”

“ಹೌದ್ರಿ. ಮೂರು ಸಲ.”

ಅಮಾವಾಸ್ಯೆಗೆ ಇನ್ನೂ ಹನ್ನೊಂದು ದಿನ ಇತ್ತು. ಅಷ್ಟೂ ದಿನ ಅವಳು ಜಲ್ದಿ ಉಂಡು ಜಲ್ದಿ ಮಲಗಿದಳು. ಕನಸು ಬಂದೀತೆಂದು ಮಧ್ಯಾಹ್ನವೂ ಮಲಗಿದಳು. ಬೆಳಿಗ್ಗೆ ನನ್ನನ್ನು ಕಂಡು, ಇಲ್ಲವೆಂದು ತಲೆಯಾಡಿಸುತ್ತಿದ್ದಳು. ನಿಜ ಹೇಳಬೇಕೆಂದು ದಿನಾ ಅವಳ ಬಾಗಿಲಿಗೆ ಹೋಗುತ್ತಿದ್ದೆ. ಹೇಡಿ ನಾನು, ಹಾಲಿಗೆ ಹೆಪ್ಪು ಕೇಳಿ ತಿರುಗಿ ಬರುತ್ತಿದ್ದೆ.

ಅಮಾವಾಸ್ಯೆಯ ಮರುದಿನ ಗೋಡೆಯಾಚೆ ಬಳೆ ಒಡೆಯುವ ಸದ್ದು ಕೇಳಿತು. ಅತ್ತಿದ್ದು ಕೇಳಲಿಲ್ಲ.

ಬರೇ ಹಣೆಯ ಕಾಕು ಇನ್ನೂ ನಾಲ್ಕೈದು ವರ್ಷ ಬದುಕಿದಳು. ಸಿಕ್ಕಾಗಲೆಲ್ಲ, “ಭಾಳ ಉಪಕಾರ ಮಾಡಿದಿ ತಮ್ಮಾ” ಅನ್ನುತ್ತಿದ್ದಳು. ಅವರು ಆಗ ಎಲ್ಲಾದರೂ ಬದುಕಿದ್ದರೇ? ಈ ಪ್ರಶ್ನೆ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಈಗ ಕಾಕು ಇಲ್ಲ. ಆ ಹೆಸರು ಬಲ್ಲ ಹಿರಿಯರೂ ಒಬ್ಬೊಬ್ಬರಾಗಿ ಹೋದರು, ಉಳಿದವನು ನಾನೊಬ್ಬನೇ. ಮೊನ್ನೆ ಆ ಚಿಟಿಕೆ ಮರಳನ್ನು ಅಂಗೈಯಲ್ಲಿ ಹಿಡಿದು, ಈಗಲಾದರೂ ಕೂಗೋಣವೆಂದು ಬಾಯಿ ತೆರೆದೆ. ಹುಮನಾಬಾದ ಸಂತೆ ಬಂತು, ಹಸಿರು ಬಳೆ ಬಂತು, ಕಲ್ಯಾಣದ ಹೊಸ್ತಿಲು ಬಂತು…

ಹೆಸರು ಬರಲಿಲ್ಲ.