ಎತ್ತಿದವರನ್ನು ನಂಬುವ ಹೆಸರುಮನೆ

ಗಂಡನನ್ನು ಮಣ್ಣು ಮಾಡಿ ಬಂದ ಮೇಲಿನ ಮೊದಲ ಮಾಮೂಲಿ ಬೆಳಗು. ಟ್ಯಾನರ್ಸ್ ಕೋವ್ ಬಂದರಿನ ಮೇಲೆ ಕವಿದ ಮಂಜು ಇನ್ನೂ ಎದ್ದಿಲ್ಲ. ಎನಿಡ್ ಕೊರ್ಕಮ್ ಕಚೇರಿಯ ದೀಪ ಹಾಕುತ್ತಾಳೆ. ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂರುತ್ತಾಳೆ. ನೆರೆಯವರು ತಂದುಕೊಟ್ಟ ಮೊಟ್ಟೆ ಸ್ಯಾಂಡ್‌ವಿಚ್ ಮನೆಯಲ್ಲಿ ರಾಶಿ ಇದೆ. ಎರಡನ್ನು ಕಟ್ಟಿಕೊಂಡು ಬಂದಿದ್ದಾಳೆ. ತಿನ್ನುವುದನ್ನು ಮರೆತಿದ್ದಾಳೆ.

ಅಂತರಜಾಲದ ಪ್ರತಿ ವಿಳಾಸಕ್ಕೂ ಚುಕ್ಕಿಯ ಆಚೆ ‘ಕಾಮ್’ನಂಥ ಒಂದು ಬಾಲ ಇರುತ್ತದಲ್ಲ, ಅಂಥದ್ದೊಂದು ಬಾಲದ ಮೂಲದಾಖಲೆಯನ್ನು ಕಾಯುವ ಪುಟ್ಟ ಕಂಪನಿ ಇದು. ಊರಿನವರ ಬಾಯಲ್ಲಿ ‘ಹೆಸರುಮನೆ’. ಯಾವ ಹೆಸರು ಯಾರದು, ಅದನ್ನು ಒತ್ತಿದವರನ್ನು ಎಲ್ಲಿಗೆ ಕಳಿಸಬೇಕು ಎಂಬುದೆಲ್ಲ ಇಲ್ಲಿದೆ. ಒಂದು ಸಾಲು ತಪ್ಪಿದರೆ ಬ್ಯಾಂಕಿಗೆ ಹೊರಟವರು ಕಳ್ಳರ ಮನೆ ಹೊಗುತ್ತಾರೆ. ಲಕ್ಷಾಂತರ ಹೆಸರುಗಳಲ್ಲಿ ಯಾರೂ ಬದಲಿಸದಂತೆ ಬೀಗ ಹಾಕಿದವು ಕೆಲವೇ ಸಾವಿರ. ಅವುಗಳ ಬೀಗ ತೆಗೆಯುವುದು ಎನಿಡ್‌ಳ ಕೆಲಸ. ಮೀನಿನ ಕಾರ್ಖಾನೆಯ ಕೂಲಿಯವನ ಮಗಳು. ಹ್ಯಾಲಿಫ್ಯಾಕ್ಸ್‌ನಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಊರಿಗೇ ಮರಳಿದವಳು.

“ನಮಗೆ ಫೋನ್ ಮಾಡಿದವರನ್ನ ನಾವು ನಂಬಲ್ಲ,” ಎನ್ನುತ್ತಾಳೆ ಅವಳು. “ದಾಖಲೆಯಲ್ಲಿರೋ ನಂಬರಿಗೆ ನಾವೇ ಮಾಡ್ತೀವಿ. ಆ ಕಡೆಯವರು ಎತ್ತಿ ಗುಟ್ಟಿನ ಪದ ಹೇಳಿದ್ರೆ ಬೀಗ ತೆಗೀತೀವಿ. ಪ್ರಧಾನಿಯೇ ಬಂದು ಬಾಗಿಲು ತಟ್ಟಿದ್ರೂ ಅಷ್ಟೇ.”

ಇವತ್ತು ಬಾಗಿಲು ತಟ್ಟಿದವನು ಎವರೆಟ್ ಝಿಂಕ್. ಎದುರಿನ ದ್ವೀಪಕ್ಕೆ ಹೋಗುವ ದೋಣಿಯ ಕ್ಯಾಪ್ಟನ್. ಎನಿಡ್‌ಳ ಗಂಡ ಲೀಲಂಡ್ ಅದೇ ದೋಣಿಯ ಸಹಾಯಕನಾಗಿದ್ದ. ಕಳೆದ ವಾರ ಹಗ್ಗ ಎಳೆಯುತ್ತಿದ್ದ ಹಾಗೆಯೇ ಕುಸಿದು ಬಿದ್ದ. ಮೂವತ್ತನಾಲ್ಕು ವಯಸ್ಸು, ಜ್ವರ ಕೂಡ ಬಂದವನಲ್ಲ. ದೋಣಿಯ ವೇಳೆ ತಿಳಿಸುವ ಅಂತರಜಾಲ ಪುಟವನ್ನು ಅವನೇ ಮೀನುಬಲೆ ಇಡುವ ತನ್ನ ಕೊಟ್ಟಿಗೆಯ ಹಳೇ ಕಂಪ್ಯೂಟರ್ ಯಂತ್ರದಿಂದ ನಡೆಸುತ್ತಿದ್ದ. ದಿನಾ ಅದನ್ನು ಎಬ್ಬಿಸುತ್ತಿದ್ದವನು ಹೋದ ಮೇಲೆ ಯಂತ್ರವೂ ಏಳಲಿಲ್ಲ.

“ಸಂಜೆಗೆ ಬಿರುಗಾಳಿ ಕಣಮ್ಮ,” ಎವರೆಟ್ ಟೊಪ್ಪಿಗೆ ತೆಗೆಯುತ್ತಾನೆ. “ಮಧ್ಯಾಹ್ನದ್ದೇ ಕೊನೇ ದೋಣಿ. ದ್ವೀಪದವರು ನೋಡೋದು ಆ ಪುಟ ಒಂದನ್ನೇ. ಬಂದರು ಕಚೇರಿಯವರು ಬೇರೆ ಪುಟ ಮಾಡಿದ್ದಾರೆ, ಹೆಸರನ್ನ ಅದರ ಕಡೆ ತಿರುಗಿಸಿಬಿಡು. ಆಸ್ಪತ್ರೆಗೆ ಬರೋ ಮುದುಕಿಯರಿದ್ದಾರೆ. ಮನೆಮನೆಗೂ ಫೋನ್ ಮಾಡ್ತಾ ಕೂತ್ರೆ ದೋಣಿ ನಿಮ್ಮತ್ತೆ ನಡೆಸ್ತಾಳಾ?”

‘ಪೆಟ್ರೆಲ್’ ಎಂಬ ಆ ಹೆಸರಿಗೆ ಬೀಗ ಇದೆ. ಎನಿಡ್ ದಾಖಲೆ ತೆರೆಯುತ್ತಾಳೆ. ಒಡೆಯನ ಹೆಸರನ್ನು ಓದುತ್ತಾಳೆ, ಸಾವಿರ ಹೆಸರುಗಳನ್ನು ಓದುವ ಹಾಗೆ. ಬೆರಳು ತನ್ನ ಪಾಡಿಗೆ ನಂಬರು ಒತ್ತುತ್ತದೆ.

ಅವಳ ಕೋಟಿನ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗುತ್ತದೆ.

ಲೀಲಂಡ್‌ನ ಫೋನ್. ಆಸ್ಪತ್ರೆಯವರು ಕೊಟ್ಟಿದ್ದು. ಅವಳೇ ರಾತ್ರಿ ಚಾರ್ಜಿಗೆ ಹಾಕಿದ್ದಾಳೆ. ಯಾಕೆಂದು ಅವಳಿಗೂ ಗೊತ್ತಿಲ್ಲ. ಒಂದು ಕಿವಿಯಲ್ಲಿ ತಾನು ಮಾಡಿದ ಕರೆ, ಪಕ್ಕೆಯಲ್ಲಿ ಅದರ ನಡುಕ. ಕೆಳಗಿಡುವುದಕ್ಕೂ ಎತ್ತುವುದಕ್ಕೂ ಕೈ ಬರುವುದಿಲ್ಲ. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತದೆ.

“ಎತ್ತಿಬಿಡೇ,” ಪಕ್ಕದ ಮೇಜಿನ ಮರ್ಲಾ ಪಿಸುಗುಟ್ಟುತ್ತಾಳೆ. “ಅವನ ಪದ ನಿನಗೆ ಗೊತ್ತಿಲ್ವಾ?”

“ಗೊತ್ತು. ಗುಟ್ಟು ಇಟ್ಕೊಳ್ಳೋ ಬಾಯೇ ಅಲ್ಲ ಅವನದು.”

“ಮತ್ತೆ? ನಾವ್ಯಾರೂ ನೋಡ್ಲಿಲ್ಲಪ್ಪ.”

“ನಾನು ಪದ ಹೇಳಿದ್ರೆ, ಲೀಲಂಡ್ ಎತ್ತಿದ ಅಂತ ಬರೀಬೇಕು ಮರ್ಲಾ. ಇವತ್ತು ಬೆಳಿಗ್ಗೆ ಲೀಲಂಡ್ ಮಾತಾಡಿದ ಅಂತ.” ಅವಳ ದನಿಯಲ್ಲಿ ಏರಿಳಿತವಿಲ್ಲ. “ಬರೆದ್ರೆ ನಾನು ಅದನ್ನೇ ನಂಬಿಬಿಡ್ತೀನಿ.”

ಎವರೆಟ್ ಗಡಿಯಾರ ನೋಡಬಾರದೆಂದುಕೊಂಡೇ ನೋಡುತ್ತಾನೆ.

ಇನ್ನೊಂದು ದಾರಿಯೇನೋ ಇದೆ. ಎನಿಡ್ ಎಷ್ಟೋ ಜನರನ್ನು ಆ ದಾರಿಯಲ್ಲಿ ನಡೆಸಿದ್ದಾಳೆ. ಒಡೆಯ ಸತ್ತರೆ ವಾರಸುದಾರರು ಖುದ್ದಾಗಿ ಬಂದು, ಇಬ್ಬರು ನೌಕರರ ಎದುರು ಬಾಯಿಬಿಟ್ಟು ಹೇಳಬೇಕು. ‘ಹೋದರು’, ‘ಇನ್ನಿಲ್ಲ’ ಎಂದರೆ ನಡೆಯುವುದಿಲ್ಲ. ಯಾರು, ಏನಾದರು ಎಂದು ನೇರವಾಗಿ ಹೇಳಬೇಕು. ಅಳುವವರಿಗೆ ನೀರು ಕೊಟ್ಟು, ಮತ್ತೆ ಅದೇ ಪ್ರಶ್ನೆ ಕೇಳಿದವಳು ಅವಳು. ಅವಳು ಎದ್ದು ಮೇಜಿನ ಈಚೆ ಬದಿಗೆ ಬರುತ್ತಾಳೆ.

“ನನ್ನನ್ನ ಕೇಳು,” ಎನ್ನುತ್ತಾಳೆ ಮರ್ಲಾಗೆ.

“ನನ್ನಿಂದಾಗಲ್ಲ ಕಣೇ.”

“ಮರ್ಲಾ, ದೋಣಿಗೆ ಹೊತ್ತಾಯ್ತು.”

ಮರ್ಲಾ ಒಳಗಿನಿಂದ ಇನ್ನೊಬ್ಬ ನೌಕರನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. “ಈ ಹೆಸರಿನ ಒಡೆಯರು ಎಲ್ಲಿದ್ದಾರೆ?”

ಎನಿಡ್ ಬಾಯಿ ತೆರೆಯುತ್ತಾಳೆ. ಚರ್ಚಿನಲ್ಲಿ, ಸ್ಮಶಾನದಲ್ಲಿ, ಕೈ ಹಿಡಿದು ಸಮಾಧಾನ ಹೇಳಿದವರ ಮುಂದೆ, ಎಲ್ಲೂ ಅವಳು ಈ ಮಾತು ಆಡಿಲ್ಲ. ಎಲ್ಲ ಕಡೆ ಬೇರೆಯವರೇ ಆಡಿದ್ದರು.

“ಲೀಲಂಡ್ ಕೊರ್ಕಮ್ ಸತ್ತಿದ್ದಾನೆ,” ಎನ್ನುತ್ತಾಳೆ. “ನಾನು ಅವನ ಹೆಂಡತಿ.”

ಮರ್ಲಾ ನಮೂನೆಯ ಮುಂದಿನ ಪ್ರಶ್ನೆ ಓದುತ್ತಾಳೆ. “ಹೆಸರನ್ನ ನಿಮ್ಮ ಹೆಸರಿಗೆ ಮಾಡ್ಬೇಕಾ?”

“ಬೇಡ. ಅದು ಅವನದ್ದಲ್ಲ.” ಎನಿಡ್ ಕ್ಯಾಪ್ಟನ್‌ನ ಕಡೆ ತಿರುಗುತ್ತಾಳೆ. ‘ಪೆಟ್ರೆಲ್’ ಎಂಬುದು ಎವರೆಟ್‌ನ ಹಿಂದಿನ ಸ್ವಂತ ದೋಣಿಯ ಹೆಸರಾಗಿತ್ತು. ದೋಣಿ ಗುಜರಿಗೆ ಹೋದ ವರ್ಷ, ಹೆಸರು ಸುಮ್ಮನೆ ಬಿದ್ದಿರುವುದು ಬೇಡವೆಂದು ಲೀಲಂಡ್ ತನ್ನ ಪುಟಕ್ಕೆ ಅದನ್ನು ಎರವಲು ಕೇಳಿದ್ದ.

“ಅವನತ್ರಾನೇ ಇರ್ಲಿ ಅಂದಿದ್ದೆನಲ್ಲಮ್ಮ ನಾನು,” ಎವರೆಟ್‌ನ ದನಿ ಒಡೆಯುತ್ತದೆ. “ಎಂದಾದ್ರೂ ವಾಪಸ್ ಕೇಳಿದ್ದೀನಾ?”

“ನೀವು ಕೇಳೋರಲ್ಲ. ಅವನು ಇನ್ನು ಕೊಡೋ ಹಾಗಿಲ್ಲ, ನಾನೇ ಕೊಡ್ತೀನಿ.” ಅವಳು ಕೀಲಿಮಣೆಯನ್ನು ತನ್ನತ್ತ ತಿರುಗಿಸಿಕೊಂಡು, ಗಂಡನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಾಳೆ. “ಝಿಂಕ್ ಅನ್ನೋದರ ಕೊನೇಲಿ ಬರೋದು ‘ಸಿ’ನಾ, ‘ಕೆ’ನಾ ಕ್ಯಾಪ್ಟನ್? ಸರಿಯಾಗಿ ಹೇಳಿ. ಈ ಮನೇಲಿ ತಪ್ಪು ಬರೆಯೋ ಹಾಗಿಲ್ಲ.”