ಯಲ್ಲಾಪುರಕ್ಕೆ ಹೋಗುತ್ತಿದ್ದ ಪುಸ್ತಕದ ಪೆಟ್ಟಿಗೆ

ಸಿರ್ಸಿ ಪೇಟೆ ಮುಗಿದು ಕುಮಟೆಯ ರಸ್ತೆ ತಿರುಗುವ ಕಡೆ ಆ ಕಾಲದಲ್ಲಿ ಮಿಶನ್ನಿನವರ ಸಣ್ಣದೊಂದು ವೇದಶಾಲೆ ಇತ್ತು. ಹಳ್ಳಿಗಳಿಗೆ ಹೋಗಿ ಬೋಧನೆ ಮಾಡುವ ಉಪದೇಶಿಗಳನ್ನು ತಯಾರು ಮಾಡುವ ಶಾಲೆ ಅದು. ಬೆರಳೆಣಿಕೆಯ ವಿದ್ಯಾರ್ಥಿಗಳು, ಇಬ್ಬರು ಉಪಾಧ್ಯಾಯರು, ಅವರ ಮೇಲೊಬ್ಬ ವಿಲಾಯತಿ ಪಾದ್ರಿ. ಶಾಲೆ ಸಣ್ಣದಾದರೂ ಅದರ ಪುಸ್ತಕದ ಕೋಣೆ ದೊಡ್ಡದಿತ್ತು. ವ್ಯಾಖ್ಯಾನಗಳು, ಪ್ರಸಂಗಗಳು, ಸಂತರ ಚರಿತ್ರೆಗಳು, ಗೀತೆಗಳ ಪುಸ್ತಕಗಳು, ಗೋಡೆಯ ಮೇಲೆ ಪ್ಯಾಲೆಸ್ತೀನ ದೇಶದ ನಕ್ಷೆ. ಕನ್ನಡದವು ಒಂದು ಕಪಾಟು, ಉಳಿದವೆಲ್ಲ ಇಂಗ್ಲಿಷು ಮತ್ತು ಜರ್ಮನ್. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವನು ಯಾಕೋಬ.

ಯಾಕೋಬನ ಹುಟ್ಟುಹೆಸರು ಹುಚ್ಚ. ಸಿದ್ದಾಪುರ ತಾಲೂಕಿನ ದೊಡ್ಮನೆ ಕಡೆಯ ಗೇಣಿ ರೈತರ ಮನೆಯವನು. ಅವನಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯದ್ದರಿಂದ ಇವನಾದರೂ ಉಳಿಯಲೆಂದು ತಾಯಿ ದುರ್ಗಮ್ಮ ಆ ಹೆಸರು ಇಟ್ಟಿದ್ದಳು. ಉಳಿದ, ಆದರೆ ಅವನ ಮಾತು ತೊದಲಿತು. ಒಂದು ಮಾತು ಬಾಯಿಂದ ಹೊರಬೀಳುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಿದ್ದರು. ಮೀಸೆ ಮೂಡುವ ವಯಸ್ಸಿನಲ್ಲಿ ಚಳಿಜ್ವರ ಹಿಡಿದು ಮಿಶನ್ನಿನ ದವಾಖಾನೆಗೆ ಬಂದವನು ಅಲ್ಲಿಯೇ ಅಕ್ಷರ ಕಲಿತ. ಓದುತ್ತ ಓದುತ್ತ ಕ್ರಿಸ್ತನನ್ನು ನಂಬಿದ. ದೀಕ್ಷಾಸ್ನಾನ ಪಡೆದು ಯಾಕೋಬನಾದ. ಅಂದಿಗೆ ಮನೆಯ ಬಾಗಿಲು ಮುಚ್ಚಿತು. ಸುಗ್ಗಿ ಮುಗಿದ ಮೇಲೆ ಒಮ್ಮೆ ಊರಿಗೆ ಹೋದರೆ ದುರ್ಗಮ್ಮ ಕಣದ ಅಂಚಿಗೇ ಬಾಳೆಲೆಯಲ್ಲಿ ಅನ್ನ ತಂದಿಡುತ್ತಿದ್ದಳು.

"ಉಂಡ್ಕಂಡು ಹೋಗಾ ಹುಚ್ಚಾ. ಎಲೆ ನೀನೇ ಎತ್ತಿ ಬಿಸಾಕು" ಎಂದು ಹೇಳಿ, ಅವನು ಉಂಡು ಮುಗಿಸುವವರೆಗೆ ದೂರದಲ್ಲಿ ಬೆನ್ನು ಹಾಕಿ ಕೂತಿರುತ್ತಿದ್ದಳು.

ಉಪದೇಶಿಯಾಗಬೇಕೆಂಬುದು ಅವನ ಆಸೆಯಾಗಿತ್ತು. ತೊದಲುವವನು ಬೋಧನೆ ಮಾಡುವುದು ಹೇಗೆ? ಪಾದ್ರಿ ಯೋಚಿಸಿ ಪುಸ್ತಕದ ಕೋಣೆಯ ಬೀಗದ ಕೈಯನ್ನು ಅವನಿಗೆ ಕೊಟ್ಟರು. ಗೆದ್ದಲು ಹತ್ತದಂತೆ ಕಪಾಟಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುವುದು, ಮಳೆಗಾಲ ಕಳೆದ ಮೇಲೆ ಪುಸ್ತಕಗಳನ್ನು ಎಳೆಬಿಸಿಲಿಗೆ ಒಡ್ಡುವುದು, ಕಿತ್ತುಬಂದ ಪುಸ್ತಕಗಳ ಬೆನ್ನನ್ನು ಮೈಲುತುತ್ತ ಬೆರೆಸಿದ ಅಂಟಿನಿಂದ ಅಂಟಿಸುವುದು, ವಿದ್ಯಾರ್ಥಿಗಳಿಗೆ ಪುಸ್ತಕ ಕೊಟ್ಟು ಮರಳಿ ತೆಗೆದುಕೊಳ್ಳುವುದು ಅವನ ಕೆಲಸ. ಶನಿವಾರ ಪೇಟೆಯವರಿಗೂ ಕೋಣೆ ತೆರೆದಿಡಬೇಕೆಂದು ಪಾದ್ರಿ ಹೇಳಿದ್ದರು. ಯಾಕೋಬ ಜಗಲಿ ಗುಡಿಸಿ ಬೆಂಚು ಹಾಕುತ್ತಿದ್ದ. ಒಳಗೆ ಕಾಲಿಟ್ಟರೆ ಜಾತಿ ಕೆಡುತ್ತದೆಂದು ಪೇಟೆಯವರು ಯಾರೂ ಬರುತ್ತಿರಲಿಲ್ಲ. ಸಂಜೆಗೆ ಬೆಂಚನ್ನು ಒಳಗೆ ಎತ್ತಿಡುತ್ತಿದ್ದ.

ವಿದ್ಯಾರ್ಥಿಗಳು ಬರುತ್ತಿದ್ದರು, ಕಲಿತು ಹೋಗುತ್ತಿದ್ದರು. ಅವರಲ್ಲಿ ಮಂಜ ಎಂಬವನೊಬ್ಬ ಮಾತ್ರ ಯಾಕೋಬನ ಮಾತು ಮುಗಿಯುವ ತನಕ ಕಾಯುತ್ತಿದ್ದ. ಅವನೂ ಸಿದ್ದಾಪುರದ ಕಡೆಯವನೇ. ಮದುವೆಯಾದ ಮೇಲೆ ಮತ ಬದಲಿಸಿ ಹೆಂಡತಿ ನಾಗಿಯೊಡನೆ ಶಾಲೆಗೆ ಬಂದಿದ್ದ. ಹೆಸರನ್ನು ಮಾತ್ರ ಬದಲಿಸಿರಲಿಲ್ಲ. ಸಂಜೆಯ ಹೊತ್ತು ಪುಸ್ತಕದ ಕೋಣೆಯಲ್ಲಿ ಕೂತು, ಓದಿದ್ದನ್ನೆಲ್ಲ ಯಾಕೋಬನೊಡನೆ ಮಾತಾಡುತ್ತಿದ್ದ. ಯಾಕೋಬನ ಬದುಕಿನಲ್ಲಿ ಅಷ್ಟು ಮಾತು ಅದಕ್ಕೆ ಮೊದಲು ಬಂದಿರಲಿಲ್ಲ.

ಕಲಿಕೆ ಮುಗಿದ ಮೇಲೆ ಮಂಜನನ್ನು ಯಲ್ಲಾಪುರಕ್ಕೆ ಕಳಿಸಿದರು. ಅಲ್ಲಿ ಸಭೆಯೆಂಬುದೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೇ.

ದೂರದ ಉಪದೇಶಿಗಳಿಗೆ ತಿಂಗಳಿಗೊಮ್ಮೆ ಪುಸ್ತಕದ ಪೆಟ್ಟಿಗೆ ಕಳಿಸುವ ಪದ್ಧತಿ ಶಾಲೆಯಲ್ಲಿತ್ತು. ಯಲ್ಲಾಪುರದ ಪೆಟ್ಟಿಗೆಯನ್ನು ಒಯ್ಯುತ್ತಿದ್ದವನು ಸರ್ವಿಸ್ ಮೋಟಾರಿನ ಡ್ರೈವರ್ ಬದ್ರುದ್ದೀನ್. ಸಿದ್ದಾಪುರದ ರೈತರು ಕರ ನಿರಾಕರಿಸಿದ ವರ್ಷ, ಕಾಂಗ್ರೆಸ್ಸಿನ ಪತ್ರಿಕೆಗಳಿರಬಹುದೆಂದು ಪೊಲೀಸರು ದಾರಿಯಲ್ಲಿ ಆ ಪೆಟ್ಟಿಗೆಯನ್ನು ಬಿಚ್ಚಿಸಿ, ಗೀತೆಗಳ ಪುಸ್ತಕ ಕಂಡು ಪೆಚ್ಚಾಗಿ ಮುಚ್ಚಿದ್ದರಂತೆ. ಮುಂದಿನ ಸಲ ಯಾವ ಪುಸ್ತಕ ಬೇಕೆಂದು ಮಂಜ ಬದ್ರುದ್ದೀನನ ಬಾಯಲ್ಲಿಯೇ ಹೇಳಿ ಕಳಿಸುತ್ತಿದ್ದ.

"ಮಾಸ್ತರ್ರ, ಆ ಬರ್ಫಿನ ಗುಡ್ಡದ ಡಾಕ್ಟರಂದು ಕೊಡ್ಬೇಕಂತ್ರಿ. ಉಪದೇಶಿಯವ್ರು ಮೊದ್ಲೇ ಓದಿದ್ದಂತ. ಈಗ ಮನಿಯವ್ರಿಗೆ ಓದಿ ಹೇಳ್ತಾರಂತ" ಎಂದು ಅವನು ಒಮ್ಮೆ ಹೇಳಿದ.

ಯಾಕೋಬನಿಗೆ ತಿಳಿಯಿತು. ಕನ್ನಡದ ಕಪಾಟಿನಲ್ಲಿದ್ದ, ಹಿಮದ ನಾಡಿಗೆ ಹೋದ ವೈದ್ಯನೊಬ್ಬನ ಚರಿತ್ರೆ ಅದು. ಶಾಲೆಯಲ್ಲಿದ್ದಾಗ ಮಂಜ ಅದನ್ನು ಮೆಚ್ಚಿ ಮತ್ತೆ ಮತ್ತೆ ಓದಿದ್ದ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಅದನ್ನಿಟ್ಟು ಕಳಿಸಿದ.

ಮರು ತಿಂಗಳು ಮಂಜ ಆ ಪುಸ್ತಕವನ್ನು ಮರಳಿಸಲಿಲ್ಲ. ಅದರ ಮರು ತಿಂಗಳೂ ಇಲ್ಲ. ಆಮೇಲೆ ಒಂದು ದಿನ, ಯಾಕೋಬ ಕಳಿಸಿದ್ದ ಪೆಟ್ಟಿಗೆಯನ್ನು ಬದ್ರುದ್ದೀನ್ ಬೀಗ ತೆಗೆಯದೆ ಹಾಗೆಯೇ ಹೊತ್ತು ತಂದ. ಜಗಲಿಯಲ್ಲಿ ಇಳಿಸಿ, ತಲೆಯ ಟೊಪ್ಪಿಗೆ ತೆಗೆದು ನಿಂತ.

"ಮಾಸ್ತರ್ರ, ನಿಮ್ಮ ಉಪದೇಶಿ ಹೋಗಿಬಿಟ್ರು."

ಯಾಕೋಬ ಪೆಟ್ಟಿಗೆಯ ಬೀಗವನ್ನು ಮುಟ್ಟಿ ನೋಡಿದ.

"ಚಳಿಜ್ವರ ರೀ. ಬಿಟ್ಟು ಬಿಟ್ಟು ಬರ್ತಿತ್ತು, ಈ ಸಲ ಬಿಡ್ಲಿಲ್ಲ. ಅಲ್ಲಿ ನಿಮ್ಮ ಮಂದಿ ಯಾರದಾರ? ಸಿರ್ಸಿಗೆ ಸುದ್ದಿ ಮುಟ್ಟಿಸಿ ಕಾಯ್ಕೋತ ಕೂಡ್ಲಿಕ್ಕೆ ಆಗೂವಂಗ ಇರ್ಲಿಲ್ಲ. ಮೋಟಾರ್ ಸ್ಟ್ಯಾಂಡಿನ ನಾವೇ ಹೊತ್ವಿ. ಮಣ್ಣು ಕೊಟ್ವಿ. ನಿಮ್ಮ ಪ್ರಾರ್ಥನಾ ಹ್ಯಾಂಗಂತ ನಮಗ ಗೊತ್ತಿಲ್ಲ. ಸುಮ್ಕ ತಲಿ ಬಗ್ಗಿಸಿ ನಿಂತ್ವಿ."

ಪಾದ್ರಿ ಬಹಳ ನೊಂದುಕೊಂಡರು. ನಾಗಿಗೆ ಸಮಾಧಾನ ಹೇಳಿ, ಅಲ್ಲಿ ಉಳಿದ ಪುಸ್ತಕಗಳನ್ನು ತರಬೇಕೆಂದು ಯಾಕೋಬನನ್ನೇ ಕಳಿಸಿದರು. ಸಮಾಧಾನ ಹೇಳಲು ನನ್ನನ್ನೇ ಕಳಿಸುವುದೇ ಎಂದು ಯಾಕೋಬ ದಾರಿಯುದ್ದಕ್ಕೂ ಹೆದರಿದ್ದ.

ನಾಗಿ ಯಲ್ಲಾಪುರದ ಪೇಟೆಯ ಅಂಚಿನ ಹಂಚಿನ ಮನೆಯ ಜಗಲಿಯಲ್ಲಿ ಶೀಗೆಕಾಯಿ ಬಿಡಿಸುತ್ತ ಕೂತಿದ್ದಳು. ಬದ್ರುದ್ದೀನನ ತಾಯಿ ಬಿಸ್ಮಿಲ್ಲಾ ಬಿ ಕಾಡಿನ ಮಾಲಿನ ವ್ಯಾಪಾರದವಳು. ಆ ಕೆಲಸ ಕೊಟ್ಟು ನಾಗಿಯನ್ನು ಸಾಕುತ್ತಿದ್ದಳು. ಯಾಕೋಬ ಬಾಯಿಪಾಠ ಮಾಡಿಕೊಂಡು ಬಂದ ಸಮಾಧಾನದ ಮಾತು ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡಿತು. ನಾಗಿ ಅದನ್ನು ಅರ್ಥ ಮಾಡಿಕೊಂಡವಳಂತೆ ಎದ್ದು ಒಳಗೆ ಹೋಗಿ ಪುಸ್ತಕಗಳನ್ನು ತಂದಿಟ್ಟಳು. ಹಳೆಯ ಸೀರೆಯ ತುಂಡಿನಲ್ಲಿ ಒಂದೊಂದನ್ನೂ ಸುತ್ತಿದ್ದಳು.

"ಎಲ್ಲ ಅದೆ ನೋಡ್ಕಳಿ. ಇದೊಂದು ಮಾತ್ರ ಓದಿ ಮುಗಿಲಿಲ್ಲ" ಎಂದು ಹಿಮದ ನಾಡಿನ ವೈದ್ಯನ ಪುಸ್ತಕವನ್ನು ಮುಂದಕ್ಕೆ ಸರಿಸಿದಳು. ನಡುವೆ ಗುರುತಿಗೆ ಮೋಟಾರಿನ ಟಿಕೆಟ್ಟು ಇತ್ತು. "ಸಂಜೆಗೆ ನಾನು ಒಲೆ ಮುಂದೆ ಕೂತ್ರೆ ಅವ್ರು ಓದ್ತಿದ್ರು. ನಂಗೆ ಅಕ್ಷರ ಬರದಿಲ್ಲ. ಆ ದಾಕ್ತರು ಹಿಮದಾಗೆ ದಾರಿ ತಪ್ಪಿದ್ನಲ, ಮುಂದೆ ಎಂತ ಆತು ಮಾಸ್ತರ್ರೇ? ಊರು ಮುಟ್ಟಿದ್ನ?"

ಯಾಕೋಬ ಬಾಯಲ್ಲಿ ಹೇಳಲು ಹೋದ. ಆಗಲಿಲ್ಲ. ಟಿಕೆಟ್ಟು ಇದ್ದ ಹಾಳೆಯನ್ನು ಬಿಡಿಸಿ ಓದತೊಡಗಿದ.

ಓದುವಾಗಲೂ ಅವನ ನಾಲಗೆ ತೊಡರುತ್ತಿತ್ತು. ಒಂದು ಸಾಲಿಗೆ ಒಂದು ಗಳಿಗೆ ಬೇಕಾಗುತ್ತಿತ್ತು. ನಾಗಿ ಶೀಗೆಕಾಯಿ ಬಿಡಿಸುತ್ತ ಕಾದಳು. ತಡವರಿಸಿದಾಗ ತಲೆಯೆತ್ತಿ ಅವನ ಬಾಯಿಯನ್ನು ನೋಡಲಿಲ್ಲ. ಮಧ್ಯಾಹ್ನ ಮೋಟಾರು ಹಾರ್ನು ಬಾರಿಸಿ ಕಾದು ಹೋಯಿತು. ಯಾಕೋಬ ಮೋಟಾರ್ ಸ್ಟ್ಯಾಂಡಿನಲ್ಲಿ ಮಲಗಿದ್ದು, ಬೆಳಿಗ್ಗೆ ಬಂದು ಮತ್ತೆ ಓದಿದ. ಹಿಮದಲ್ಲಿ ಸಿಕ್ಕಿದ ವೈದ್ಯ ಊರು ಮುಟ್ಟುವುದಿಲ್ಲ. ಆ ಹಾಳೆ ಬಂದಾಗ ಯಾಕೋಬನಿಗೆ ಬೇರೆ ಏನನ್ನಾದರೂ ಓದಿಬಿಡೋಣ ಎನ್ನಿಸಿತು. ಆದರೆ ಇದ್ದದ್ದನ್ನೇ ಓದಿದ.

ನಾಗಿಯ ಕೈ ನಿಂತಿತು. "ಇದು ಅವ್ರಿಗೆ ಮೊದ್ಲೇ ಗೊತ್ತಿತ್ತನ?"

"ಗೊ... ಗೊತ್ತಿತ್ತು. ಶಾ... ಶಾಲೆಲೇ ಓದಿದ್ದ."

"ಅದ್ಕೇಯ. ಜ್ವರ ಶುರುವಾದ ಮೇಲೆ ಮುಂದಕ್ಕೇ ಹೋಗ್ತಿರ್ಲಿಲ್ಲ. ಇದು ನಿನ್ನೆ ಓದಿದ್ದಲ್ದ ಅಂತ ನಾನು ಕೇಳಿದ್ರೆ, ಚಲೋ ಅದೆ, ಮತ್ತೊಂದ್ಸಲ ಕೇಳು ಅಂತಿದ್ರು. ಹಿಂದಿನ ಹಾಳೆನೇ ತಿರುಗಿ ತಿರುಗಿ ಓದ್ತಿದ್ರು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲೆಂದು ಬಿಸ್ಮಿಲ್ಲಾ ಬಿ ಆಮೇಲೆ ಹೇಳಿದಳು.

ಯಾಕೋಬ ಪುಸ್ತಕಗಳನ್ನು ಸಿರ್ಸಿಗೆ ತಂದ. ಆದರೆ ಮರು ತಿಂಗಳು ಪಾದ್ರಿಯ ಅಪ್ಪಣೆ ಪಡೆದು ಬೇರೆ ಪುಸ್ತಕಗಳ ಪೆಟ್ಟಿಗೆಯೊಂದಿಗೆ ತಾನೇ ಯಲ್ಲಾಪುರಕ್ಕೆ ಹೊರಟ. ಆಮೇಲೆ ತಿಂಗಳು ತಿಂಗಳೂ ಹೋದ. ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಜಗಲಿಯ ಮೇಲೆಯೇ ಕೂತು ಓದುತ್ತಿದ್ದ. ನಾಗಿ ಕೇಳುತ್ತಿದ್ದಳು, ಕೆಲವೊಮ್ಮೆ ಬಿಸ್ಮಿಲ್ಲಾ ಬಿಯೂ ಎಲೆ ಅಡಿಕೆ ಹಾಕಿಕೊಂಡು ಬಂದು ಕೂರುತ್ತಿದ್ದಳು. ಉಳಿದ ದಿನಗಳಲ್ಲಿ ಸಿರ್ಸಿಯ ಕೋಣೆಯಲ್ಲಿ ಅವನು ಕನ್ನಡದ ಕಪಾಟಿನ ಮುಂದೆ ನಿಂತು, ಅವಳಿಗೆ ಯಾವುದು ಹಿಡಿಸೀತೆಂದು ಯೋಚಿಸುತ್ತಿದ್ದ.

ಜನ ಆಡಿಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ. ಪಾದ್ರಿ ಕರೆಸಿ ಮೆಲ್ಲಗೆ ಹೇಳಿದರು: "ಯಾಕೋಬ, ಆ ಹೆಣ್ಣುಮಗಳನ್ನು ಕೇಳು. ಅವಳು ಒಪ್ಪಿದರೆ ನಾನೇ ಮದುವೆ ಮಾಡಿಸುತ್ತೇನೆ. ಇಲ್ಲವಾದರೆ ಹೋಗುವುದನ್ನು ನಿಲ್ಲಿಸು."

ಯಾಕೋಬ ಆ ತಿಂಗಳು ಹೋಗಿ ಏನೂ ಕೇಳದೆ ಬಂದ. ಮರು ತಿಂಗಳು ಹೋದಾಗ ಪುಸ್ತಕ ತೆರೆಯುವ ಮೊದಲೇ ಕೇಳಿದ. ಆ ಒಂದು ಮಾತಿಗೆ ಅವನ ಅಂಗಿ ಬೆವರಿನಿಂದ ತೊಯ್ದುಹೋಯಿತು. ನಾಗಿ ಎಂದಿನ ಹಾಗೆ ಕೊನೆಯ ತನಕ ಕಾದಳು.

"ನೀವು ಚಲೋ ಮನಷ್ಯ ಮಾಸ್ತರ್ರೇ" ಎಂದಳು. "ಆದ್ರೆ ನಮ್ಮಣ್ಣ ಚೌಡ ಬಂದಿದ್ದ. ಇಷ್ಟ್ ವರ್ಷ ಮುಖ ತೋರಿಸ್ದವ ಅಲ್ಲ. ಜಾತಿಗೆ ಸೇರ್ಸ್ಕಳ್ತೊ, ಮನೆಗೆ ಬಾ ಅಂದ. ಬತ್ತೆ ಅಂದೆ."

"ಮ... ಮತ್ತೆ, ಪ್ರಾರ್ಥನೆ?"

"ನಂಬಿದ್ದು ಅವ್ರು. ನಾನು ಅವ್ರ ಹಿಂದೆ ಬಂದವ್ಳು. ಅವ್ರಿದ್ದಾಗ ಎಲ್ಲ ಇತ್ತು. ಈಗ ನಮ್ಮ ಮಾತು ಆಡೋರು ಇಲ್ಲಿ ಒಬ್ರಿಲ್ಲ. ನಿಮಗೆ ಪುಸ್ತಕ ಅದೆ. ನಂಗೆ ಎಂತ ಅದೆ? ನೀವೂ ಮನೆಗೆ ಹೋಗ್ಬಿಡಿ. ನಿಮ್ಮವ್ವ ಇದ್ದಾಳಲ. ತಪ್ಪುಕಾಣಿಕೆ ಇಟ್ರೆ ಕರ್ಕಳ್ತ್ರು" ಎಂದಳು.

ಯಾಕೋಬ ತಲೆ ಅಲ್ಲಾಡಿಸಿದ. ಕಣದಂಚಿನಲ್ಲಿ ಬೆನ್ನು ಹಾಕಿ ಕೂತ ತಾಯಿ ಕಣ್ಣಿಗೆ ಕಟ್ಟಿದಳು. ಆದರೂ ತಲೆ ಅಲ್ಲಾಡಿಸಿದ. ಒಬ್ಬಂಟಿಯಾಗಿ ಕೂತು ಓದಿ ನಂಬಿದ್ದನ್ನು ಒಬ್ಬಂಟಿತನಕ್ಕೆ ಹೆದರಿ ಬಿಡುವುದು ಅವನಿಂದ ಆಗುವಂತಿರಲಿಲ್ಲ. ಇದನ್ನು ಅವಳಿಗೆ ಹೇಳಬೇಕೆಂದುಕೊಂಡ; ಉದ್ದದ ಮಾತು, ಹೇಳಲಿಲ್ಲ.

"ಓದಿ ಮತ್ತೆ" ಎಂದಳು ನಾಗಿ. ಅವನು ಆ ದಿನ ಸಂಜೆಯ ತನಕ ಓದಿದ. ಮರುವಾರ ಅವಳು ಅಣ್ಣನ ಗಾಡಿಯಲ್ಲಿ ಸಿದ್ದಾಪುರದ ಕಡೆ ಹೋದಳೆಂದು ಬದ್ರುದ್ದೀನ್ ತಿಳಿಸಿದ. ಅವಳ ಊರು ಯಾಕೋಬನ ಊರಿಗೆ ದೂರವೇನೂ ಅಲ್ಲ. ಆದರೆ ಆ ಮನೆಯ ಅಂಗಳಕ್ಕೆ ಕಾಲಿಡಲು ಅವನಿಗೆ ದಾರಿ ಇರಲಿಲ್ಲ, ಮತ್ತೆ ಅವಳನ್ನು ಕಾಣಲೂ ಇಲ್ಲ.

ಮೂವತ್ತರ ದಶಕ ಮುಗಿಯುತ್ತ ಬಂದಾಗ ಶಾಲೆಗೆ ವಿದ್ಯಾರ್ಥಿಗಳು ಬರುವುದು ನಿಂತಿತು. ಯೂರೋಪಿನಲ್ಲಿ ಯುದ್ಧದ ಸುದ್ದಿ ಹಬ್ಬುತ್ತಿತ್ತು. ಪಾದ್ರಿ ಊರಿಗೆ ಹೊರಟರು. ಶಾಲೆಯನ್ನು ಮುಚ್ಚಿ, ಪುಸ್ತಕಗಳನ್ನೆಲ್ಲ ಕರಾವಳಿಯ ದೊಡ್ಡ ವೇದಶಾಲೆಗೆ ಸೇರಿಸಬೇಕೆಂದು ಆಜ್ಞೆಯಾಯಿತು. ಬೇಕಾದರೆ ಯಾಕೋಬನೂ ಜೊತೆಗೆ ಹೋಗಬಹುದು, ಅಲ್ಲಿ ಒಂದು ಕೆಲಸ ಸಿಗುತ್ತದೆ ಎಂದರು.

ಹೊರಡುವ ಮೊದಲು ಅವನು ಒಮ್ಮೆ ಯಲ್ಲಾಪುರಕ್ಕೆ ಹೋದ. ಮಂಜನ ಗುಂಡಿಯ ಮೇಲೆ ಹುಲ್ಲು ಬೆಳೆದಿತ್ತು. ಬದ್ರುದ್ದೀನ್ ಜಾಗ ತೋರಿಸಿ, ಟೊಪ್ಪಿಗೆ ತೆಗೆದು ಪಕ್ಕಕ್ಕೆ ನಿಂತ. ಹೂಳುವ ದಿನ ಯಾರೂ ಹೇಳದೆ ಉಳಿದ ಪ್ರಾರ್ಥನೆಯನ್ನು ಯಾಕೋಬ ಹೇಳಿದ. ಗಟ್ಟಿಯಾಗಿಯೇ ಹೇಳಿದ, ಎಲ್ಲ ತೊದಲಿನೊಂದಿಗೆ, ಒಂದು ಮಾತೂ ಬಿಡದೆ. ಬಿಸಿಲು ಏರಿತು. ಬದ್ರುದ್ದೀನ್ ಕದಲಲಿಲ್ಲ.

"ಆಮೀನ್" ಎಂದ ಕೊನೆಗೆ, ಯಾಕೋಬನಿಗಿಂತ ಮೊದಲೇ.

ಪುಸ್ತಕಗಳು ಬದ್ರುದ್ದೀನನ ಮೋಟಾರಿನಲ್ಲಿಯೇ ಘಟ್ಟ ಇಳಿದವು. ಕಡೆಯ ಸಲ ಯಾಕೋಬ ಪೆಟ್ಟಿಗೆಗಳ ನಡುವೆ ಕೂತು ಹೋದ. ಜೀವಮಾನದಲ್ಲಿ ಮೊದಲ ಸಲ ಸಮುದ್ರ ಕಂಡ. ಇಬ್ಬರೂ ಬಂದರಿನ ಖಾನಾವಳಿಯಲ್ಲಿ ಒಂದೇ ಮೇಜಿಗೆ ಕೂತು ಮೀನಿನ ಸಾರು ಅನ್ನ ಉಂಡರು. ಬೆಳಕಿರುವಾಗಲೇ ಘಟ್ಟ ಹತ್ತಬೇಕೆಂದು ಬದ್ರುದ್ದೀನ್ ಬೇಗ ಹೊರಟ.

ಮಾರನೆಯ ದಿನ ಯಾಕೋಬ ಆ ದೊಡ್ಡ ವೇದಶಾಲೆಯ ಉದ್ದನೆಯ ಕೋಣೆಯಲ್ಲಿ ಸಿರ್ಸಿಯ ಪುಸ್ತಕಗಳನ್ನು ಒಂದೊಂದಾಗಿ ಒರೆಸಿ ಜೋಡಿಸತೊಡಗಿದ. ಹುಡುಗರು ಬಂದರು, ಹೋದರು. ಯಾರೂ ಅವನ ಹೆಸರು ಕೇಳಲಿಲ್ಲ. ಉಪ್ಪುಗಾಳಿ ಒಳಗೆ ಬರುತ್ತಿತ್ತು. ಪುಸ್ತಕಕ್ಕೆ ಅದು ಒಳ್ಳೆಯದಲ್ಲವೆಂದು ಕಡಲ ಕಡೆಯ ಕಿಟಕಿಗಳನ್ನು ಅವನು ಮುಚ್ಚಿದ.